ಜೋಳದ ಕಡಲಲ್ಲಿ ರೊಟ್ಟಿಯ ಹುಡುಕಾಟ

ಕ್ರಿಸ್‌ಮಸ್ ಹಾಗೂ ಎಳ್ಳಮಾವಾಸ್ಯೆ ಒಂದೇ ದಿನ ಕೂಡಿಬರುವುದು ಅಪರೂಪ. ಮಾರ್ಗಶಿರ ಮಾಸದ ಕೊನೆಯ ದಿನವಾದ ಎಳ್ಳಮಾವಾಸ್ಯೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನ ತನಕ ಎಲ್ಲಿ ಬೇಕಾದರೂ ಬೀಳಬಹುದು. 2000ನೇ ಇಸವಿಯಲ್ಲಂತೂ ಅದು ಎರಡು ಸಲ ಬಂತು: ಒಮ್ಮೆ ಜನವರಿ 6ರಂದು, ಮತ್ತೊಮ್ಮೆ ಸರಿಯಾಗಿ ಡಿಸೆಂಬರ್ 25ರಂದು. ಆ ವರ್ಷ ನಾನು ಅಮೆರಿಕದ ಕ್ಯಾನ್ಸಸ್ ರಾಜ್ಯದ ಮ್ಯಾನ್‌ಹಟನ್ ಎಂಬ ಊರಿನಲ್ಲಿದ್ದೆ. ನ್ಯೂಯಾರ್ಕಿನ ಗಗನಚುಂಬಿಗಳ ಮ್ಯಾನ್‌ಹಟನ್ ಇದಲ್ಲವೆಂದು ಬಂಧುಗಳಿಗೆ ತಿಳಿಹೇಳುವುದರಲ್ಲೇ ನನ್ನ ಅರ್ಧ ಕಾಲ ಕಳೆದಿತ್ತು. ಇದು ಹೊಲಗಳ ನಡುವಿನ, ಕೃಷಿ ವಿಶ್ವವಿದ್ಯಾಲಯವೊಂದನ್ನು ನಂಬಿಕೊಂಡ ಸಣ್ಣ ಪಟ್ಟಣ. ಡಿಸೆಂಬರ್ ಬಂತೆಂದರೆ ಅಲ್ಲಿಯ ಮಾತೆಲ್ಲ ಟರ್ಕಿ ಕೋಳಿಯ ತೂಕ, ಅದನ್ನು ಒಲೆಯಲ್ಲಿ ಬೇಯಿಸಲು ಬೇಕಾಗುವ ಗಂಟೆಗಳ ಸುತ್ತಲೇ. ನಾನೂ ನನ್ನ ಹೆಂಡತಿಯೂ ಹುಡುಕುತ್ತಿದ್ದುದು ಮಾತ್ರ ಎರಡು ಸೇರು ಸಜ್ಜೆ, ಒಂದಿಷ್ಟು ಬಿಳಿಜೋಳ.

ಈ ಹುಡುಕಾಟಕ್ಕೆ ನಾಲಗೆಯ ಚಪಲವೊಂದೇ ಕಾರಣವಾಗಿರಲಿಲ್ಲ. 1999ರ ದೀಪಾವಳಿಯ ತರುವಾಯ ನಮ್ಮ ತಂದೆ ತೀರಿಕೊಂಡರು. ಜನವರಿಯ ಎಳ್ಳಮಾವಾಸ್ಯೆ ಸೂತಕದ ನೆರಳಿನಲ್ಲಿ ಹಬ್ಬವಿಲ್ಲದೆ ಕಳೆಯಿತು. ಡಿಸೆಂಬರಿನದು ಅವರಿಲ್ಲದ ಮನೆಯ ಮೊದಲ ಹಬ್ಬ. ನಮ್ಮ ಸೀಮೆಯಲ್ಲಿ ಅಂದು ಹೊಲಕ್ಕೆ ಚರಗ ಚೆಲ್ಲಬೇಕು. ಮನೆಯ ಹಿರಿಯ ಮಗನೆಂದು ಆ ಕೆಲಸ ನನಗೆ ಬಂದಿತ್ತು. ಊರಿನ ಎಸ್‌ಟಿಡಿ ಬೂತಿಗೆ ಅವ್ವನನ್ನು ಕರೆಸಿ, ಕಾಲಿಂಗ್ ಕಾರ್ಡಿನ ನಿಮಿಷಗಳನ್ನು ಎಣಿಸುತ್ತ ಮಾತಾಡಿದಾಗ ಆಕೆ ಹೇಳಿದ್ದು ಇಷ್ಟು: ‘ಹೊಲಕ್ಕ ಉಪಾಸ ಬೀಳಬಾರ್ದು ತಮ್ಮಾ. ಇಲ್ಲಿ ಪಾಲಿಗೆ ಮಾಡಾವ ಚೆಲ್ತಾನ. ನೀ ಇದ್ದಲ್ಲೇ ನೀನೂ ಚೆಲ್ಲು. ಭೂಮಿ ಎಲ್ಲಾ ಕಡಿ ಒಂದೇ ಅದ.’

ಭೂಮಿ ಎಲ್ಲ ಕಡೆ ಒಂದೇ ಹೌದೋ ಅಲ್ಲವೋ ಎಂಬುದು ಇಪ್ಪತ್ತೈದು ವರ್ಷಗಳ ಬಳಿಕವೂ ನನಗೆ ಬಗೆಹರಿದಿಲ್ಲ.

ನಮ್ಮೂರು ಘತ್ತರಗಿ. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಮೇಲಿದೆ. ನದಿಯಾಚೆಗೆ ಜೇವರ್ಗಿ ಸೀಮೆ. ನದಿಯ ದಡದ ಭಾಗ್ಯವಂತಿ ದೇವಿಯ ಗುಡಿಯಿಂದಾಗಿ ಊರಿನ ಹೆಸರು ಮಹಾರಾಷ್ಟ್ರ, ತೆಲಂಗಾಣದ ಭಕ್ತರಿಗೂ ಗೊತ್ತು. ಅಮಾವಾಸ್ಯೆ ಬಂದರೆ ಹೊರಗಿನ ಜನ ಊರೊಳಗೆ ತುಂಬುತ್ತಾರೆ. ಎಳ್ಳಮಾವಾಸ್ಯೆಯ ದಿನ ಮಾತ್ರ ಇದಕ್ಕೆ ಎದುರಾದ ಇನ್ನೊಂದು ಹರಿವು ಕಾಣುತ್ತದೆ. ಭಕ್ತರು ಗುಡಿಯತ್ತ ಬರುತ್ತಿರುವಾಗ ಊರಿನವರು ಬುತ್ತಿ ಕಟ್ಟಿಕೊಂಡು ಬಂಡಿ, ಟ್ರ್ಯಾಕ್ಟರು ಏರಿ ಹೊಲದತ್ತ ಹೊರಟಿರುತ್ತಾರೆ. ಹೊಲದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು, ಜೋಳದ ದಂಟಿನ ಗುಡಿಸಲು ಕಟ್ಟಿ ಪೂಜಿಸುತ್ತಾರೆ. ಬಳಿಕ ಒಬ್ಬರು ಚರಗ ಚೆಲ್ಲುತ್ತ ಕೂಗುತ್ತ ಮುಂದೆ ನಡೆಯುತ್ತಾರೆ. ಹಿಂದಿನವರು ನೀರು ಚಿಮುಕಿಸುತ್ತ ದನಿಗೂಡಿಸುತ್ತಾರೆ. ಚರಗವೆಂದರೆ ಅಂದಿನ ಅಡುಗೆಯೆಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಸಿದ ಬುತ್ತಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಹಿಂಡಿ ಎಲ್ಲವೂ ಇರುತ್ತವೆ. ಇವೆಲ್ಲದರ ನಾಯಕ ಭಜ್ಜಿ. ಬೆಂಗಳೂರಿನ ಓದುಗರು ದಯವಿಟ್ಟು ಎಣ್ಣೆಯಲ್ಲಿ ಕರಿದ ಬಜ್ಜಿಯನ್ನು ಮನಸ್ಸಿಗೆ ತಂದುಕೊಳ್ಳಬಾರದು. ಇದು ಹಸಿ ಕಡಲೆ, ಹಸಿ ತೊಗರಿ, ಅವರೆ, ಬಟಾಣಿ, ಬದನೆ, ಗಜ್ಜರಿ, ಮೆಂತೆಯ ಸೊಪ್ಪು ಹೀಗೆ ಆ ಹೊತ್ತಿಗೆ ಹೊಲದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹುಣಸೆಯ ಹುಳಿಯಲ್ಲಿ ಬೇಯಿಸಿ ಕಡಲೆಹಿಟ್ಟು ಕಲಸಿ ಗಟ್ಟಿಮಾಡಿದ ಪಲ್ಯ. ಆ ತಿಂಗಳು ಆ ಮಣ್ಣು ಏನೇನು ಕೊಟ್ಟಿದೆ ಎಂಬುದರ ಲೆಕ್ಕಪತ್ರವೇ ಒಂದು ಪಾತ್ರೆಯಲ್ಲಿ ಕುದಿಯುತ್ತಿರುತ್ತದೆ.

ಇಂಥ ಅಡುಗೆಯನ್ನು ಪರದೇಶದಲ್ಲಿ ಮಾಡಹೊರಟರೆ ಮೊದಲು ಎದುರಾಗುವುದು ಹಿಟ್ಟಿನ ಪ್ರಶ್ನೆ. ವಿಚಿತ್ರವೆಂದರೆ ನಾವಿದ್ದುದು ಜೋಳದ ಕಡಲಿನ ನಡುವೆ. ಜಗತ್ತಿನಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ದೇಶಗಳ ಸಾಲಿನಲ್ಲಿ ಅಮೆರಿಕವೇ ಮುಂದೆ; ಅಮೆರಿಕದೊಳಗೆ ಕ್ಯಾನ್ಸಸ್ ಮುಂದೆ. ನಾನು ಹೇಳುತ್ತಿರುವುದು ಮೆಕ್ಕೆಜೋಳದ ಮಾತಲ್ಲ, ನಮ್ಮ ರೊಟ್ಟಿಯ ಜೋಳದ ಮಾತು. ಹಾಸನದ ಕಡೆಯ ನನ್ನ ಹೆಂಡತಿಗೂ ಈ ವ್ಯತ್ಯಾಸವನ್ನು ಮದುವೆಯ ಹೊಸತರಲ್ಲಿ ವಿವರಿಸಬೇಕಾಗಿತ್ತು. ಈಶಾನ್ಯ ಆಫ್ರಿಕಾದಲ್ಲಿ ಸಾವಿರಾರು ವರ್ಷಗಳ ಹಿಂದೆ ಮನುಷ್ಯನ ಕೈಗೆ ಒಗ್ಗಿದ ಈ ಧಾನ್ಯ ನಮ್ಮಲ್ಲಿಗೆ ಪ್ರಾಚೀನ ಕಾಲದಲ್ಲೇ ಬಂತು. ಅಮೆರಿಕಕ್ಕೆ ಬಂದದ್ದು ಆಫ್ರಿಕಾದ ಗುಲಾಮರನ್ನು ಹೊತ್ತ ಹಡಗುಗಳ ಕಾಲದಲ್ಲಿ. ಮಳೆ ಕಡಿಮೆಯಾದರೂ ತಾಳಿಕೊಳ್ಳುವ ಗುಣದಿಂದ ಅದು ಕ್ಯಾನ್ಸಸ್ಸಿನ ಒಣಬಯಲಿನಲ್ಲಿ ನೆಲೆಯೂರಿತು. ಆದರೆ ಅಲ್ಲಿ ಅದನ್ನು ‘ಮೈಲೋ’ ಎನ್ನುತ್ತಾರೆ. ದನ, ಹಂದಿ, ಕೋಳಿಗಳ ಮೇವೆಂದು ಬೆಳೆಯುತ್ತಾರೆ. ಎಥನಾಲ್ ಮಾಡಲು ಕಾರ್ಖಾನೆಗೆ ಹಾಕುತ್ತಾರೆ. ಹಡಗಿಗೆ ತುಂಬಿ ಹೊರದೇಶಕ್ಕೆ ಕಳಿಸುತ್ತಾರೆ. ಆಳೆತ್ತರ ಬೆಳೆಯುವ ನಮ್ಮ ಹಿಂಗಾರಿ ಜೋಳವನ್ನು ಕಂಡವರಿಗೆ ಅದು ಜೋಳವೆಂದೇ ಅನ್ನಿಸದು. ಕಟಾವು ಯಂತ್ರಕ್ಕೆ ಅನುಕೂಲವಾಗಲೆಂದು ಸೊಂಟದೆತ್ತರಕ್ಕೆ ಕುಗ್ಗಿಸಿದ ಗಿಡ, ಇಟ್ಟಿಗೆಯ ಬಣ್ಣದ ತೆನೆ. ಅಲ್ಲಿ ಕಾಳಿಗಾಗಿಯೇ ಬೆಳೆ. ನಮ್ಮ ರೈತನಿಗೆ ಕಾಳಿನಷ್ಟೇ ಎತ್ತಿನ ಮೇವಿನ ದಂಟೂ ಮುಖ್ಯ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ಬೆಳೆಸಿದ, ಎಂ-35-1 ಎಂಬ ಸರ್ಕಾರಿ ಹೆಸರಿನ ಮಾಲದಂಡಿ ಜೋಳ ನಮ್ಮ ಸೀಮೆಯಲ್ಲಿ ಇಷ್ಟು ಕಾಲ ಉಳಿದುದಕ್ಕೆ ಅದರ ಮುತ್ತಿನಂಥ ಕಾಳು ಎಷ್ಟು ಕಾರಣವೋ ಎತ್ತರದ ದಂಟೂ ಅಷ್ಟೇ ಕಾರಣ.

ಮೈಲುಗಟ್ಟಲೆ ಜೋಳವಿದ್ದರೂ ಊರಿನ ಅಂಗಡಿಯಲ್ಲಿ ಒಂದು ಬೊಗಸೆ ಜೋಳದ ಹಿಟ್ಟು ಸಿಗುತ್ತಿರಲಿಲ್ಲ. ಸುಮಾರು ಇನ್ನೂರು ಕಿಲೋಮೀಟರ್ ದೂರದ ಕ್ಯಾನ್ಸಸ್ ಸಿಟಿಗೆ ಹೋಗಿ ಗುಜರಾತಿಯೊಬ್ಬರ ಕಿರಾಣಿ ಅಂಗಡಿಯಿಂದ ಹಿಟ್ಟಿನ ಪೊಟ್ಟಣ ತಂದೆವು. ಆ ಅಂಗಡಿಯ ಶೀತಲಪೆಟ್ಟಿಗೆಯಲ್ಲಿ ಹಸಿ ತೊಗರಿಕಾಳು, ಅವರೆ ಎರಡೂ ಸಿಕ್ಕಿದವು. ಹಸಿ ಕಾಳಿನ ವಿಷಯದಲ್ಲಿ ಗುಜರಾತಿಗಳೂ ನಾವೂ ಒಂದೇ ಮತದವರೆಂಬುದಕ್ಕೆ ಅಂದು ನಾನು ಋಣಿಯಾದೆ. ಭಜ್ಜಿಯ ಚಿಂತೆ ಅರ್ಧ ಕಳೆಯಿತು. ಹಿಟ್ಟಿನ ಚಿಂತೆ ಕಳೆಯಲಿಲ್ಲ. ಜೋಳದಲ್ಲಿ ಗೋಧಿಯಲ್ಲಿರುವಂತೆ ನಾದಿದರೆ ಹಿಗ್ಗುವ ಅಂಟಿಲ್ಲ. ಕುದಿಯುವ ಎಸರು ಹೊಯ್ದಾಗ ಹಿಟ್ಟಿನ ಪಿಷ್ಟ ಬೆಂದು ಬರುವ ಜಿಗಿಯೊಂದೇ ರೊಟ್ಟಿಯನ್ನು ಹಿಡಿದು ನಿಲ್ಲಿಸುತ್ತದೆ. ಬೀಸಿ ತಿಂಗಳುಗಳಾದ ಹಿಟ್ಟಿನಲ್ಲಿ ಆ ಜಿಗಿ ಉಳಿದಿರುವುದಿಲ್ಲ. ನನ್ನ ಹೆಂಡತಿ ತಟ್ಟಿದ ರೊಟ್ಟಿಗಳು ಬರಗಾಲದ ಕೆರೆಯಂಗಳದಂತೆ ಬಿರಿದವು. ಸಜ್ಜೆಯದು ಇನ್ನೂ ಕಷ್ಟ. ಸಜ್ಜೆಯ ಕಾಳಿನಲ್ಲಿ ಎಣ್ಣೆಯಂಶ ಹೆಚ್ಚು. ಬೀಸಿದ ಕೂಡಲೇ ಅದು ಕೆಡತೊಡಗಿ ಕೆಲವೇ ದಿನಗಳಲ್ಲಿ ಹಿಟ್ಟು ಕಹಿಯಾಗುತ್ತದೆ. ಸಮುದ್ರ ದಾಟಿ ಬಂದ ಪೊಟ್ಟಣವನ್ನು ಬಿಚ್ಚಿ ನಾಲಗೆಗೆ ಹಚ್ಚಿದರೆ ಬೇವಿನ ನೆನಪಾಯಿತು. ಫೋನಿನಲ್ಲಿ ಅವ್ವ ಸಮಾಧಾನ ಹೇಳಿದಳು: ‘ಹಿಟ್ಟ ಹಳೇದಾದ್ರ ರೊಟ್ಟಿ ಒಡೀತದ. ಆಕಿ ಕೈದು ಏನೂ ತಪ್ಪಿಲ್ಲ. ಕಾಳು ಹುಡುಕ್ರಿ, ಹಿಟ್ಟಲ್ಲ.’

ಕಾಳು ಸಿಕ್ಕಿದ್ದು ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕರೊಬ್ಬರಿಂದ. ಜೋಳದ ತಳಿಗಳಲ್ಲೇ ಕೂದಲು ನೆರೆಸಿಕೊಂಡವರು. ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಎಂಬತ್ತರ ದಶಕದಲ್ಲಿ ಎರಡು ವರ್ಷ ಕೆಲಸ ಮಾಡಿದ್ದರು. ಒಣಭೂಮಿಯ ಬೆಳೆಗಳಾದ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾಗಳೇ ಆ ಸಂಸ್ಥೆಯ ಸಂಶೋಧನೆಯ ವಸ್ತು. ನೋಡಿದರೆ ನಮ್ಮ ಎಳ್ಳಮಾವಾಸ್ಯೆಯ ಅಡುಗೆಯ ಪಟ್ಟಿಯೂ ಹೆಚ್ಚುಕಡಿಮೆ ಅದೇ! ನನ್ನ ಕಷ್ಟವನ್ನು ಕೇಳಿ ಅವರು ನಕ್ಕದ್ದು ಲೇವಡಿಗಲ್ಲ, ತಮ್ಮದೇ ಕಥೆ ನೆನಪಾಗಿ.

ಪಟಾನ್‌ಚೆರುವಿನ ಮೊದಲ ನವೆಂಬರಿನಲ್ಲಿ ಅವರ ಮಕ್ಕಳು ಟರ್ಕಿ ಬೇಕೆಂದು ಹಟ ಹಿಡಿದರಂತೆ. ನವೆಂಬರಿನ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಅಮೆರಿಕನ್ನರ ಸುಗ್ಗಿಯ ಹಬ್ಬ. 1863ರಲ್ಲಿ ಅಂತರ್ಯುದ್ಧದ ನಡುವೆ ಅಬ್ರಹಾಂ ಲಿಂಕನ್ ಅದನ್ನು ರಾಷ್ಟ್ರದ ಹಬ್ಬವೆಂದು ಸಾರಿದರು. ಅಂದು ಆ ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಟರ್ಕಿಗಳು ಮೇಜಿಗೇರುತ್ತವೆ. ಆ ಹಕ್ಕಿಯಿಲ್ಲದ ಹಬ್ಬ ಅವರಿಗೆ ಹಬ್ಬವಲ್ಲ. ಪ್ರಾಧ್ಯಾಪಕರು ಹೈದರಾಬಾದಿನ ಕೋಳಿಪೇಟೆಗಳನ್ನೆಲ್ಲ ಸುತ್ತಿದರು. ಕೈಗಳನ್ನು ಅಗಲಿಸಿ ಹಕ್ಕಿಯ ಗಾತ್ರ ತೋರಿಸಿದರು. ಅದರ ಕೊರಳಿನ ಜೋಲುಚರ್ಮವನ್ನು ಅಭಿನಯಿಸಿದರು. ಒಬ್ಬ ವ್ಯಾಪಾರಿ ನವಿಲು ಮಾರುವುದು ಅಪರಾಧವೆಂದು ಬೈದು ಕಳಿಸಿದನಂತೆ. ಕೊನೆಗೆ ಎರಡು ನಾಟಿಕೋಳಿಗಳನ್ನು ಒಂದೇ ತಟ್ಟೆಯಲ್ಲಿ ಜೋಡಿಸಿ ಟರ್ಕಿಯೆಂದು ಕರೆದರು. ಮಕ್ಕಳು ನಂಬಲಿಲ್ಲ, ಆದರೆ ತಿಂದರು.

ಪಾಪ, ಆ ವ್ಯಾಪಾರಿಯನ್ನು ದೂರುವಂತಿಲ್ಲ. ಈ ಹಕ್ಕಿಯಷ್ಟು ವಿಳಾಸ ತಪ್ಪಿದ ಜೀವಿ ಬೇರೊಂದಿಲ್ಲ. ಅದರ ಮೂಲ ಮೆಕ್ಸಿಕೊ. ಇಂಗ್ಲಿಷರು ಅದಕ್ಕೆ ತುರ್ಕಿಯ ಹೆಸರಿಟ್ಟರು. ತುರ್ಕರು ಅದನ್ನು ‘ಹಿಂದಿ’ ಎನ್ನುತ್ತಾರೆ. ಫ್ರೆಂಚರ ಹೆಸರಿಗೂ ಇಂಡಿಯಾದ್ದು ಎಂದೇ ಅರ್ಥ. ಪೋರ್ಚುಗೀಸರಿಗೆ ಅದು ‘ಪೆರು’. ಹೀಗೆ ಎಲ್ಲರೂ ಅದನ್ನು ಬೇರೆ ಯಾರದೋ ಊರಿನದೆಂದು ಹೇಳುವವರೇ. ಇಂಡಿಯಾದ್ದೆಂದು ಹೆಸರಾದ ಆ ಹಕ್ಕಿ 1612ರಲ್ಲಿ ಮುಖರ್ರಬ್ ಖಾನ್ ಗೋವಾದಿಂದ ತಂದ ಅಪರೂಪದ ವಸ್ತುಗಳ ಜೊತೆಗೆ ಜಹಾಂಗೀರನ ಆಸ್ಥಾನಕ್ಕೆ ಬಂದಾಗ, ಅದರ ಹೆಸರೇನೆಂದು ಯಾರಿಗೂ ತಿಳಿಯದೆಂದು ಬಾದಶಹನೇ ಬರೆದಿಟ್ಟಿದ್ದಾನೆ. ಉಸ್ತಾದ್ ಮನ್ಸೂರ್ ಬರೆದ ಅದರ ಚಿತ್ರ ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ಪ್ರಾಧ್ಯಾಪಕರು ತಮ್ಮ ಪ್ರಯೋಗದ ತಾಕಿನ ಬಿಳಿಜೋಳದ ಕಾಳನ್ನು ಸುಮಾರು ಐದು ಕಿಲೋ ಕೊಟ್ಟರು. ಜನ ತಿನ್ನಲೆಂದೇ ರೂಪಿಸಿದ ಬಿಳಿಕಾಳಿನ ತಳಿಗಳನ್ನು ಅಲ್ಲಿಯೂ ಅಷ್ಟಿಷ್ಟು ಬೆಳೆಯುತ್ತಾರೆ. ಗೋಧಿಯ ಅಂಟು ಒಗ್ಗದವರ ಸಲುವಾಗಿ ಅದಕ್ಕೊಂದು ಮಾರುಕಟ್ಟೆ ಆಗತಾನೇ ಮೂಡುತ್ತಿತ್ತು. ಸಜ್ಜೆಯ ಕಾಳು ಹಕ್ಕಿಗಳ ಮೇವಿನ ಚೀಲದಲ್ಲಿ ಸಿಕ್ಕೀತೆಂದು ಅವರು ಹೇಳಿದ್ದರು. ಅದಕ್ಕೆ ಮನಸ್ಸು ಒಪ್ಪಲಿಲ್ಲ. ಎಳ್ಳು ಹಚ್ಚಿದ ಜೋಳದ ರೊಟ್ಟಿಯೇ ಸಜ್ಜೆಯ ಪಾಲನ್ನೂ ತೀರಿಸಲಿ ಎಂದು ಅವ್ವ ಅಪ್ಪಣೆ ಕೊಟ್ಟಳು. ಕಾಫಿಬೀಜ ಪುಡಿಮಾಡುವ ಯಂತ್ರದಲ್ಲಿ ಹಿಡಿ ಹಿಡಿಯಾಗಿ ಜೋಳ ಹಾಕಿ ಬೀಸಿದೆವು. ಯಂತ್ರ ಕಾಯ್ದು ಕೈಸುಡುವಂತಾದಾಗ ನಿಲ್ಲಿಸಿ, ತಣಿದ ಮೇಲೆ ಮತ್ತೆ ಬೀಸಿದೆವು.

ಹಬ್ಬದ ದಿನ ಇನ್ನೊಂದು ತೊಡಕು ಬಂತು. 2000ದ ಡಿಸೆಂಬರ್ 25ರಂದು ಉತ್ತರ ಅಮೆರಿಕದಲ್ಲಿ ಖಂಡಗ್ರಾಸ ಸೂರ್ಯಗ್ರಹಣ. ಭಾರತದಲ್ಲಿ ಆಗ ರಾತ್ರಿ, ಹಾಗಾಗಿ ಊರಿನವರಿಗೆ ಅದರ ಗೊಡವೆಯಿರಲಿಲ್ಲ. ನಮಗೆ ಮಾತ್ರ ಗ್ರಹಣ ಸರಿಯಾಗಿ ಅಡುಗೆಯ ಹೊತ್ತಿಗೇ ಹಿಡಿಯುತ್ತಿತ್ತು. ನನಗೆ ಗ್ರಹಣದ ಮಡಿಮೈಲಿಗೆಯಲ್ಲಿ ನಂಬಿಕೆಯಿಲ್ಲ. ಆದರೆ ತಂದೆಯಿಲ್ಲದ ಮೊದಲ ಹಬ್ಬದಲ್ಲಿ ಅವ್ವನೊಡನೆ ಚರ್ಚೆಗಿಳಿಯುವ ಮನಸ್ಸೂ ಇರಲಿಲ್ಲ. ‘ಬಿಟ್ಟ ಮ್ಯಾಲೆ ಒಲಿ ಹಚ್ರಿ’ ಎಂದಳು. ಮಧ್ಯಾಹ್ನದ ತನಕ ಕಾದು ಒಲೆ ಹಚ್ಚಿದೆವು. ಹೊಸ ಹಿಟ್ಟು ಎಸರಿಗೆ ಕೂಡಿಕೊಂಡಿತು. ನಮ್ಮ ಮಾಲದಂಡಿಯ ಸಿಹಿ ಅದರಲ್ಲಿರಲಿಲ್ಲ, ಬಣ್ಣವೂ ಕೊಂಚ ಮಂಕು. ರೊಟ್ಟಿ ಅಂಗೈಯಗಲಕ್ಕಿಂತ ದೊಡ್ಡದಾಗಲೂ ಇಲ್ಲ. ಆದರೆ ಬಿರಿಯಲಿಲ್ಲ. ಮುದ್ದೆ ಕಟ್ಟುವ ಕೈಗೆ ರೊಟ್ಟಿ ತಟ್ಟುವ ಹದ ಬಂದದ್ದನ್ನು ಕಂಡು ನನ್ನ ಹೆಂಡತಿಗೇ ಆಶ್ಚರ್ಯ. ಸಂಜೆ ಅವನ್ನು ಕಟ್ಟಿಕೊಂಡು ಪ್ರಾಧ್ಯಾಪಕರ ಮನೆಗೆ ಹೋದೆವು. ಅವರು ತಮ್ಮ ಹಕ್ಕಿಯನ್ನು ತಿಂದರು, ನಾವು ನಮ್ಮ ಭಜ್ಜಿಯನ್ನು ತಿಂದೆವು. ಭಜ್ಜಿಯನ್ನು ಮಾತ್ರ ಎಲ್ಲರೂ ತಿಂದರು.

ಅದಕ್ಕೂ ಮುಂಚೆ ಚರಗದ ಕೆಲಸ ಮುಗಿಸಿದ್ದೆವು. ಎಲ್ಲಿ ಚೆಲ್ಲುವುದು? ಕ್ಯಾನ್ಸಸ್ಸಿನ ಜೋಳ ಶರತ್ಕಾಲದಲ್ಲೇ ಕಟಾವಾಗಿ ಹೊಲಗಳೆಲ್ಲ ಬರಿಯ ಕೂಳೆ. ನಮ್ಮಲ್ಲಿ ಹಿಂಗಾರಿ ಜೋಳ ಕಪ್ಪುಮಣ್ಣಿನೊಳಗಿನ ತೇವವೊಂದನ್ನೇ ಕುಡಿದು ಬೆಳೆಯುವಂಥದು. ಎಳ್ಳಮಾವಾಸ್ಯೆಯ ಹೊತ್ತಿಗೆ ತೆನೆ ಹೊರಬರುವ ಕಾಲ. ಬಸುರಿಗೆ ಉಣಿಸುವಂತೆ ಹೊಲಕ್ಕೆ ಉಣಿಸುವ ಈ ಹಬ್ಬಕ್ಕೆ ಅರ್ಥ ಬರುವುದೇ ಪೈರು ನಿಂತಿರುವುದರಿಂದ. ಕೂಳೆಗೆ ಉಣಿಸುವುದುಂಟೆ? ಊರ ಹೊರಗೆ ಪೈರಿದ್ದುದು ಚಳಿಗಾಲದ ಗೋಧಿಯದು ಮಾತ್ರ, ಗೇಣುದ್ದದ ಹಸಿರು. ಪ್ರಾಧ್ಯಾಪಕರ ಪರಿಚಯದ ರೈತರೊಬ್ಬರ ಅನುಮತಿ ಪಡೆದು ಅವರ ಗೋಧಿಯ ಹೊಲದ ಅಂಚಿನಲ್ಲಿ ಐದು ಕಲ್ಲಿಟ್ಟು ಚರಗ ಚೆಲ್ಲಿದೆವು. ಕೂಗಲು ನನಗೆ ಗಂಟಲು ಬರಲಿಲ್ಲ; ಮೆಲ್ಲಗೆ ಹೇಳಿಕೊಂಡೆ. ಆ ರೈತರು ಟೋಪಿ ತೆಗೆದು ನಿಂತಿದ್ದರು. ಅವರ ಪೂರ್ವಜರು 1874ರಲ್ಲಿ ರಷ್ಯನ್ ಸಾಮ್ರಾಜ್ಯದಿಂದ ಬಂದ ಮೆನ್ನೊನೈಟ್ ಪಂಥದವರು. ಕ್ಯಾನ್ಸಸ್ಸಿಗೆ ‘ಟರ್ಕಿ ರೆಡ್’ ಎಂಬ ಚಳಿಗಾಲದ ಗೋಧಿಯನ್ನು ತಂದವರು ಇವರೇ; ಮಕ್ಕಳು ಒಂದೊಂದೇ ಕಾಳನ್ನು ಆರಿಸಿ ಪೆಟ್ಟಿಗೆಗೆ ತುಂಬಿದರೆಂಬುದು ಅಲ್ಲಿಯ ಪ್ರತೀತಿ. ಅಲ್ಲಿಯೂ ಟರ್ಕಿಯ ಹೆಸರೇ ಬಂದು ಕೂತದ್ದು ಕಂಡು ನನಗೆ ನಗು ಬಂತು. ಅವರು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಹೊಲವನ್ನು ಈಗ ಯಾರು ನೋಡಿಕೊಳ್ಳುತ್ತಾರೆ?

ಅದನ್ನು ಅಂದಿನಿಂದ ಇಂದಿನವರೆಗೂ ಪಾಲಿಗೆ ಮಾಡಿದವರ ಮನೆಯೇ ನೋಡಿಕೊಳ್ಳುತ್ತಿದೆ. ನಾನು 2003ರಲ್ಲಿ ಮರಳಿ ಬೆಂಗಳೂರಿಗೆ ಬಂದೆ. ಘತ್ತರಗಿಗೆ ಬಂದೆನೆಂದು ಹೇಳಲಾರೆ. ಈ ನಡುವೆ ಗುಲಬರ್ಗಾ ಜಿಲ್ಲೆ ಕಲಬುರಗಿಯಾಯಿತು, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಸೊನ್ನದಲ್ಲಿ ಭೀಮೆಗೆ ಬ್ಯಾರೇಜು ಬಂದ ಮೇಲೆ ನದಿದಂಡೆಯ ಹೊಲಗಳಿಗೆ ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು. ನೀರಿಲ್ಲದ ಕಡೆ ತೊಗರಿ, ಹತ್ತಿ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಜೋಳ ಮಾತ್ರ ಹಿಂದೆ ಸರಿಯುತ್ತಲೇ ಬಂತು. ಕೊಯ್ಯಲು, ಕಟ್ಟಲು, ರಾಶಿ ಮಾಡಲು ಆಳುಗಳಿಲ್ಲ. ದಂಟು ತಿನ್ನಲು ಎತ್ತುಗಳಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಬೆಂಗಳೂರಿನ ಮಾಲುಗಳಲ್ಲಿ ಜೋಳದ ಬಿಸ್ಕತ್ತು ಬಂತು. ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ನಮ್ಮ ಜಿಲ್ಲೆಯ ಸ್ವಸಹಾಯ ಸಂಘಗಳ ಮಹಿಳೆಯರು ತಟ್ಟಿದ ಖಡಕ್ ರೊಟ್ಟಿಯನ್ನು ಈಗ ಆನ್‌ಲೈನಿನಲ್ಲೂ ತರಿಸಿಕೊಳ್ಳಬಹುದು. ಇದು ನಿಜಕ್ಕೂ ಒಳ್ಳೆಯ ಕೆಲಸ. ಒಣಗಿದ ರೊಟ್ಟಿಗೆ ದೂರದ ಭಯವಿಲ್ಲ. ಇಂದು ಕ್ಯಾನ್ಸಸ್ಸಿನಲ್ಲಿರುವ ಕನ್ನಡಿಗ ನಾವು ಪಟ್ಟ ಪಾಡು ಪಡಬೇಕಿಲ್ಲ. ಪೇಟೆಗೆ ಬರುವ ಜೋಳ ಯಾವ ಹೊಲದ್ದೆಂದು ಕೇಳುವವರು ಮಾತ್ರ ಕಡಿಮೆ.

ಹಾಗೆ ನೋಡಿದರೆ ಪರದೇಶಿಗಳ ಪಟ್ಟಿಯಲ್ಲಿ ನಮ್ಮಂಥ ವಿಮಾನ ಹತ್ತಿದವರ ಹೆಸರು ಕೊನೆಯಲ್ಲಿರಬೇಕು. ಅಫಜಲಪುರ, ಆಳಂದ, ಜೇವರ್ಗಿಯ ಹಳ್ಳಿಗಳಿಂದ ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದವರು ಎಷ್ಟೊಂದು ಜನ. ಪುಣೆಯಲ್ಲಿ ಸಜ್ಜೆಗೆ ಬರವಿಲ್ಲ, ಬಾಜರಿಯ ಭಾಕರಿ ಅಲ್ಲಿಯ ಜನರ ಊಟವೇ. ಅವರಿಗೆ ಸಿಗದಿರುವುದು ಒಂದು ದಿನದ ರಜೆ. ಎಳ್ಳಮಾವಾಸ್ಯೆ ನಮ್ಮ ರಾಜ್ಯದ ಸಾರ್ವತ್ರಿಕ ರಜೆಯ ಹಬ್ಬವೂ ಅಲ್ಲ. ದಿನಗೂಲಿಯವನು ಬರಬೇಕೆಂದರೆ ಹೋಗಿಬರುವ ಎರಡು ದಿನ ಸೇರಿ ಮೂರು ದಿನದ ಕೂಲಿ ಕಳೆದುಕೊಳ್ಳಬೇಕು, ಮೇಲೆ ಬಸ್ಸಿನ ಖರ್ಚು. ಕ್ಯಾನ್ಸಸ್ಸಿನಲ್ಲಿ ನಾನು ಖರ್ಚು ಮಾಡಿದ್ದು ಪೆಟ್ರೋಲು ಮತ್ತು ಫೋನಿನ ಕಾರ್ಡು.

2024ರ ಡಿಸೆಂಬರ್ 30ರ ಎಳ್ಳಮಾವಾಸ್ಯೆಗೆ ನಾನು ಊರಿನಲ್ಲಿದ್ದೆ. ಅವ್ವ ಈಗಿಲ್ಲ. ಹೊಲವೆಲ್ಲ ಕಬ್ಬು, ಆದರೆ ಬದುವಿನ ಗುಂಟ ಎರಡು ಸಾಲು ಜೋಳ ನಿಂತಿತ್ತು. ಪಾಂಡವರ ಗುಡಿಸಲಿಗೆ ದಂಟು ಬೇಕಲ್ಲ, ಅದಕ್ಕಾಗಿ ಪ್ರತಿ ವರ್ಷ ಅಷ್ಟನ್ನು ಬಿತ್ತುತ್ತಾರಂತೆ. ಚರಗದ ಬುಟ್ಟಿಯನ್ನು ಪಾಲಿಗೆ ಮಾಡಿದವರ ಮಗ ನನ್ನ ಮುಂದೆ ಹಿಡಿದು ‘ನೀವು ಚೆಲ್ರಿ ಕಾಕಾ’ ಎಂದ. ಹಿಂದಿನ ರಾತ್ರಿಯಷ್ಟೇ ಪುಣೆಯಿಂದ ಬಂದಿದ್ದ. ನೀನೇ ಚೆಲ್ಲು ಎಂದೆ. ಅವನು ಎರಡನೆಯ ಸಲ ಕೇಳಲಿಲ್ಲ. ಕಬ್ಬಿನ ಸಾಲುಗಳ ನಡುವೆ ನಡೆಯಲು ಜಾಗವಿಲ್ಲದ್ದರಿಂದ ಬದುವಿನ ಸುತ್ತ ಗಂಟಲು ಬಿಚ್ಚಿ ಕೂಗುತ್ತ ನಡೆದ. ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ನಾನು ಅವನ ಹಿಂದೆ ನಡೆದೆ. ಉಂಡು ಏಳುವಷ್ಟರಲ್ಲಿ ಅವನ ತಾಯಿ ಸಜ್ಜೆ ರೊಟ್ಟಿ, ಹಿಂಡಿಯ ಗಂಟು ಕಟ್ಟಿಯಾಗಿತ್ತು. ಸಂಜೆಯ ಬಸ್ಸಿಗೆ ಅವನು ಅಫಜಲಪುರಕ್ಕೆ ಹೋಗಬೇಕಿತ್ತು; ಮರುದಿನ ಅವನ ಪಾಳಿ ಇತ್ತು.